ದೋಸೆ ಹಿಟ್ಟಿನ ಪೆಟ್ಟಿಗೆಗೆ ಟೆಂಪರೇಚರ್ ಕಂಟ್ರೋಲರ್: ಕೊಳ್ಳಬೇಕೇ, ನಾವೇ ಕಟ್ಟಿಕೊಳ್ಳಬೇಕೇ?

ದಾವಣಗೆರೆಯಲ್ಲಿ ಡಿಸೆಂಬರ್ ಬಂದಿತೆಂದರೆ ದೋಸೆ ಹಿಟ್ಟು ರುಬ್ಬಿ ಮಾರುವ ಮನೆಗಳಲ್ಲಿ ಒಂದೇ ಚಿಂತೆ. ರಾತ್ರಿ ಒಂಬತ್ತಕ್ಕೆ ರುಬ್ಬಿಟ್ಟ ಹಿಟ್ಟು ಬೆಳಗಿನ ಆರಕ್ಕೂ ಪಾತ್ರೆಯಲ್ಲಿ ಇಟ್ಟ ಮಟ್ಟದಲ್ಲಿಯೇ ಕುಳಿತಿರುತ್ತದೆ. ಕಾವಲಿಯ ಮೇಲೆ ಹೊಯ್ದರೆ ತೂತು ಬೀಳುವುದಿಲ್ಲ, ಎಷ್ಟು ಬೆಣ್ಣೆ ಹಾಕಿದರೂ ದೋಸೆ ಚರ್ಮದಂತೆ ಎಳೆಯುತ್ತದೆ. ಏಪ್ರಿಲ್‌ನಲ್ಲಿ ಇದಕ್ಕೆ ತಿರುಗುಮುರುಗಾಗಿ, ಅದೇ ಅಕ್ಕಿ, ಅದೇ ಉದ್ದು, ಅದೇ ಮಂಡಕ್ಕಿಯ ಹಿಟ್ಟು ನಸುಕಿನ ಮೂರಕ್ಕೇ ಉಕ್ಕಿ ಕಟ್ಟೆಯ ಮೇಲೆ ಹರಿದು, ಆರರ ಹೊತ್ತಿಗೆ ಮೂಗಿಗೆ ಹೊಡೆಯುವಷ್ಟು ಹುಳಿಯಾಗಿರುತ್ತದೆ. ವಿನೋಬನಗರದ ನಮ್ಮ ಮನೆಯಲ್ಲಿ ಅವ್ವ ದಿನಕ್ಕೆ ಸುಮಾರು 10 ಕಿಲೋ ಹಿಟ್ಟು ರುಬ್ಬಿ ನೆರೆಹೊರೆಗೂ ಒಂದು ದೋಸೆ ಅಂಗಡಿಗೂ ಕೊಡುತ್ತಾಳೆ. ಚಳ್ಳಕೆರೆಯ ಕಂಬಳಿ ಸುತ್ತುವುದು, ಒಲೆಯ ಪಕ್ಕದಲ್ಲಿಡುವುದು, ಗೋಣಿಚೀಲದ ಮೇಲೆ ಕೂರಿಸುವುದು, ಇವೆಲ್ಲವನ್ನೂ ಮಾಡಿ ನೋಡಿದ ಮೇಲೆ ನಾನು, ತಾಪವನ್ನು ಅಳೆದು ಬಿಸಿಯನ್ನೋ ತಂಪನ್ನೋ ತಾನೇ ಹಚ್ಚಿ ಆರಿಸುವ ಟೆಂಪರೇಚರ್ ಕಂಟ್ರೋಲರಿನ ದಾರಿ ಹಿಡಿದೆ. ಒಂದನ್ನು ಕೈಯಾರೆ ಕಟ್ಟಿದೆ, ಆಮೇಲೆ ಒಂದನ್ನು ಕೊಂಡೆ. ಎರಡರಿಂದಲೂ ಕಲಿತದ್ದನ್ನು, ಇದೇ ಕೆಲಸಕ್ಕೆ ಕೈ ಹಾಕುವವರಿಗಾಗಿ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಈ ಕಂಟ್ರೋಲರುಗಳು ಲೋಕದ ತುಂಬ ಹೆಸರು ಮಾಡಿದ್ದು ಮನೆಯಲ್ಲಿ ಬಿಯರ್ ತಯಾರಿಸುವವರ ಕೈಯಲ್ಲಿ. ಏಲ್ ಎಂಬ ಬಗೆಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್, ಲಾಗರ್ ಎಂಬ ಬಗೆಗೆ ಅದಕ್ಕಿಂತ ಬಹಳ ತಂಪು ಬೇಕಾಗುವುದರಿಂದ, ಅವರು ಹಳೆಯ ಫ್ರಿಜ್ಜಿಗೆ ಇಂಥದೊಂದು ಕಂಟ್ರೋಲರನ್ನು ಜೋಡಿಸಿಕೊಳ್ಳುತ್ತಾರೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಈ ಬರಹ ದೋಸೆ, ಇಡ್ಲಿ ಹಿಟ್ಟಿಗೆ ಮಾತ್ರ ಸಂಬಂಧಿಸಿದ್ದು. ಆದರೆ ಬಳಸುವ ಸಾಧನ ಅದೇ, ಅದರ ಹಿಂದಿನ ತತ್ವವೂ ಅದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಟ್ರೋಲರನ್ನು ಕೊಂಡುಕೊಳ್ಳಿ, ಹಿಟ್ಟಿನ ಪಾತ್ರೆ ಇಡುವ ಪೆಟ್ಟಿಗೆಯನ್ನು ನೀವೇ ಕಟ್ಟಿ, ಇವೆರಡರಲ್ಲಿ ಯಾವುದು ಕೈಕೊಟ್ಟರೂ ಕರೆಂಟನ್ನು ಕಡಿಯುವ ಮೂರನೆಯದೊಂದು ಕಟಾಫನ್ನು ತಪ್ಪದೆ ಹಾಕಿ. ಹೀಗೆ ಹೇಳಲು ಕಾರಣ ದುಡ್ಡಿನ ಉಳಿತಾಯವಲ್ಲ. ರಾತ್ರಿಯಿಡೀ ಯಾರೂ ನೋಡದಿರುವಾಗ ಕೆಲಸ ಮಾಡಬೇಕಾದ ವಸ್ತುವಿದು. ಅದು ಕೆಟ್ಟಾಗ ಹೇಗೆ ಕೆಡುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಮೊದಲ ಹಂತ: ಎಷ್ಟು ಹಿಟ್ಟು, ಎಷ್ಟು ಶಾಖ

ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯುಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಉದ್ದಿನಬೇಳೆಯೊಂದಿಗೇ ಬರುವ ಈ ಜೀವಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ; ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಮೇಲೇಳುತ್ತದೆ. 20 ಡಿಗ್ರಿಗಿಂತ ಕೆಳಗೆ ಅದರ ಕೆಲಸ ನಿಧಾನವಾಗುತ್ತದೆ. 35 ಡಿಗ್ರಿ ದಾಟಿದರೆ ಹುಳಿ ತರುವ ಬೇರೆ ಬ್ಯಾಕ್ಟೀರಿಯಗಳ ಕೈ ಮೇಲಾಗಿ, ಹಿಟ್ಟು ಉಬ್ಬಿದ್ದಕ್ಕಿಂತ ಹೆಚ್ಚು ಹುಳಿಯಾಗುತ್ತದೆ. ನಮ್ಮ ಹಿಟ್ಟಿಗೆ ಹಲವು ರಾತ್ರಿ ಪ್ರಯತ್ನಿಸಿ ನೋಡಿದಾಗ 29 ಡಿಗ್ರಿ ಸರಿಹೋಯಿತು. ನಿಮ್ಮ ಅಳತೆಗೆ 28ರಿಂದ 31ರೊಳಗೆ ಎಲ್ಲೋ ಒಂದು ಕಡೆ ಅದು ನಿಲ್ಲುತ್ತದೆ.

ಇನ್ನು ಶಾಖದ ಲೆಕ್ಕ. 10 ಕಿಲೋ ಹಿಟ್ಟನ್ನು 20 ಡಿಗ್ರಿಯಿಂದ 29ಕ್ಕೆ ಏರಿಸಲು ಹತ್ತಿರಹತ್ತಿರ 315 ಕಿಲೋಜೂಲ್ ಬೇಕು. 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ, 25 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಪೆಟ್ಟಿಗೆಯೊಳಗೆ 29 ಡಿಗ್ರಿಯೂ ಹೊರಗೆ 17 ಡಿಗ್ರಿಯೂ ಇದ್ದಾಗ ಗೋಡೆಗಳ ಮೂಲಕ ಸುಮಾರು 25 ವ್ಯಾಟ್ ಸೋರಿಹೋಗುತ್ತದೆ. ಅಂದರೆ 60 ವ್ಯಾಟಿನ ಒಂದು ಹಳೆಯ ಮಾದರಿಯ ಬಲ್ಬು ಹಾಕಿದರೆ ಹಿಟ್ಟಿಗೆ 35 ವ್ಯಾಟ್ ಉಳಿದು, ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯಬೇಕು. ಕಾಗದದ ಮೇಲೆ ಹೀಗೆ. ನನ್ನ ಪೆಟ್ಟಿಗೆಯಲ್ಲಿ ಸುಮಾರು ನಾಲ್ಕು ಗಂಟೆ ಹಿಡಿಯಿತು. ಹಿಟ್ಟು ಬಿಸಿಯಾಗಬೇಕಾದರೆ ಅದರ ಸುತ್ತಲಿನ ಗಾಳಿ 29ಕ್ಕಿಂತ ಹೆಚ್ಚು ಬಿಸಿಯಾಗಿರಲೇಬೇಕು, ಆಗ ಸೋರಿಕೆಯೂ ಹೆಚ್ಚುತ್ತದೆ. 40 ವ್ಯಾಟಿನ ಎರಡು ಬಲ್ಬುಗಳನ್ನು ಹಾಕಿಕೊಂಡ ಮೇಲೆ ಎರಡೂವರೆ ಗಂಟೆಗೆ ಇಳಿಯಿತು. ಎರಡು ಬಲ್ಬು ಹಾಕುವುದರಿಂದ ಇನ್ನೊಂದು ಅನುಕೂಲವಿದೆ: ನಡುರಾತ್ರಿ ಒಂದು ಬಲ್ಬು ಹೋದರೂ ಮತ್ತೊಂದು ಹಿಟ್ಟನ್ನು ಕಾಪಾಡುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದರ ವ್ಯಾಟೇ ಕಡಿಮೆ, ಹೊಮ್ಮುವ ಶಾಖವೂ ಕಡಿಮೆ.

ಯಾವ ಯಂತ್ರವೂ ಇಲ್ಲದೆ ಸಿಗುವ ಶಾಖವೊಂದಿದೆ, ಅದನ್ನು ಬಿಡಬೇಡಿ. ಚಳಿಗಾಲದಲ್ಲಿ ರುಬ್ಬುವಾಗ ಹಾಕುವ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ, ಗ್ರೈಂಡರಿನ ಕಲ್ಲಿನ ತಿಕ್ಕಾಟದ ಬಿಸಿಯೂ ಸೇರಿ, ಹಿಟ್ಟು 26ರ ಆಸುಪಾಸಿನಲ್ಲಿಯೇ ಪೆಟ್ಟಿಗೆಯೊಳಕ್ಕೆ ಹೋಗುತ್ತದೆ. ಆಗ ಪೆಟ್ಟಿಗೆ ಮಾಡಬೇಕಾದ ಕೆಲಸ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯ ಹಂತ: ಪೆಟ್ಟಿಗೆ

ಥರ್ಮಾಕೋಲ್ ಅಗ್ಗ, ಆದರೆ ಸುಮಾರು 80 ಡಿಗ್ರಿಗೆ ಕುಗ್ಗತೊಡಗುತ್ತದೆ, ಬೆಂಕಿ ತಾಗಿದರೆ ಉರಿಯುತ್ತದೆ. ಉರಿಯುವ ಬಲ್ಬಿನ ಗಾಜು ಅದಕ್ಕಿಂತ ಎಷ್ಟೋ ಬಿಸಿ. ಆದ್ದರಿಂದ ಥರ್ಮಾಕೋಲನ್ನೇ ಬಳಸುವುದಾದರೆ ಬಲ್ಬನ್ನು ಪಿಂಗಾಣಿ ಹೋಲ್ಡರಿನಲ್ಲಿ ಕೂರಿಸಿ, ನೆಲಕ್ಕೆ ಒಂದು ಟೈಲ್ಸ್ ತುಂಡು ಹಾಸಿ, ಸುತ್ತ ತೂತು ಕೊರೆದ ಎಣ್ಣೆ ಡಬ್ಬದ ತಗಡನ್ನು ಮರೆಯಾಗಿ ನಿಲ್ಲಿಸಬೇಕು. ಬಲ್ಬಿನಿಂದ ಯಾವ ಗೋಡೆಗೂ ಕನಿಷ್ಠ ಒಂದು ಗೇಣು ಅಂತರವಿರಬೇಕು. ನಾನು ಹೆಚ್ಚು ಮೆಚ್ಚುವುದು ಗುಜರಿಯಲ್ಲಿ ಸಿಗುವ, ಕಂಪ್ರೆಸರ್ ಹೋದ ಫ್ರಿಜ್ಜನ್ನು. ಗೋಡೆ ದಪ್ಪ, ಬಾಗಿಲಿನ ರಬ್ಬರು ಗಾಳಿಯನ್ನು ಬಿಡುವುದಿಲ್ಲ, ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಬೇಸಿಗೆಯಲ್ಲಿ ತಂಪೂ ಬೇಕೆನ್ನುವವರು ಕಂಪ್ರೆಸರ್ ನಡೆಯುವ ಫ್ರಿಜ್ಜನ್ನೇ ಇದಕ್ಕೆ ಮೀಸಲಿಡಬಹುದು. ಆಗ ಒಂದೇ ಪೆಟ್ಟಿಗೆ ಡಿಸೆಂಬರಿಗೂ ಆಗುತ್ತದೆ, ಏಪ್ರಿಲಿಗೂ ಆಗುತ್ತದೆ.

ಬಲ್ಬು ಪಾತ್ರೆಯ ನೇರ ಕೆಳಗೆ ಬರಕೂಡದು. ಒಳಗೆ ಕಂಪ್ಯೂಟರಿನ 12 ವೋಲ್ಟಿನ ಚಿಕ್ಕದೊಂದು ಫ್ಯಾನು ತಿರುಗುತ್ತಿದ್ದರೆ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ.

ಮೂರನೆಯ ಹಂತ: ಮಾರುಕಟ್ಟೆಯಲ್ಲಿ ಏನೇನು ಸಿಗುತ್ತದೆ

ಎಲ್ಲಕ್ಕಿಂತ ಸುಲಭವಾದದ್ದು ಪ್ಲಗ್ಗು, ಸಾಕೆಟ್ಟು ಎರಡೂ ಜೋಡಿಸಿಯೇ ಬರುವ ಸಿದ್ಧ ಘಟಕ. ಇಂಕ್‌ಬರ್ಡ್ ಐಟಿಸಿ-308 ಇದಕ್ಕೆ ಉದಾಹರಣೆ. ಬಿಸಿಗೊಂದು, ತಂಪಿಗೊಂದು ಸಾಕೆಟ್ಟು ಇರುತ್ತದೆ, ಸ್ಕ್ರೂಡ್ರೈವರ್ ಮುಟ್ಟಬೇಕಾಗಿಲ್ಲ. ವೈರಿಂಗ್ ಬಾರದವರು ಯೋಚನೆ ಮಾಡದೆ ಇದನ್ನೇ ಕೊಳ್ಳಬೇಕು, ಬೆಲೆ ಮಾತ್ರ ಉಳಿದವುಗಳ ನಾಲ್ಕೈದು ಪಟ್ಟಾಗುತ್ತದೆ. ಕೊಳ್ಳುವ ಮುನ್ನ ಅದರ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಕೂರುವಂಥದೇ ಎಂದು ನೋಡಿ. ಅಡಾಪ್ಟರಿನ ಮೇಲೆ ಅಡಾಪ್ಟರ್ ಸಿಕ್ಕಿಸಿ ಫ್ರಿಜ್ಜು ನಡೆಸುವುದು ಸರಿಯಲ್ಲ.

ಎರಡನೆಯದು ಎಸ್‌ಟಿಸಿ-1000 ಎಂಬ ಪ್ಯಾನೆಲ್ ಮಾದರಿ. ಅಂಗೈಯಗಲದ ಕಪ್ಪು ಡಬ್ಬಿ, ಮುಂದೆ ಕೆಂಪು ಅಂಕಿಗಳು, ಹಿಂದೆ ಎಂಟು ಸ್ಕ್ರೂಗಳು. ಮೈನಸ್ 50ರಿಂದ 99 ಡಿಗ್ರಿಯವರೆಗೆ ಅಳೆಯುತ್ತದೆ, 0.1 ಡಿಗ್ರಿಯ ಅಂಕಿಯನ್ನೂ ತೋರಿಸುತ್ತದೆ, ಆದರೆ ನಿಖರತೆ ಒಂದು ಡಿಗ್ರಿ ಆಚೀಚೆ. ಬಿಸಿಗೂ ತಂಪಿಗೂ 10 ಆಂಪಿಯರಿನ ಬೇರೆಬೇರೆ ರಿಲೇಗಳಿವೆ, ಅಂದರೆ ಕಂಟ್ರೋಲರ್ ತಾನೇ ಹಾಕಿ ತೆಗೆಯುವ ಸ್ವಿಚ್ಚುಗಳು. ನಾನು ಕೊಂಡಾಗ ಇದಕ್ಕೆ 700 ರೂಪಾಯಿ ಕೊಟ್ಟೆ. ನಾನು ಶಿಫಾರಸು ಮಾಡುವುದು ಇದನ್ನೇ.

ಮೂರನೆಯದು ಡಬ್ಲ್ಯು1209ರಂಥ, ಹೊದಿಕೆಯಿಲ್ಲದ ಬರಿ ಬೋರ್ಡು. 12 ವೋಲ್ಟಿನಲ್ಲಿ ನಡೆಯುತ್ತದೆ, ಬಹಳ ಅಗ್ಗ, ಆದರೆ ಒಂದೇ ರಿಲೇ. ಆ ಬೋರ್ಡಿನ ಮೇಲೆ 230 ವೋಲ್ಟಿನ ತಾಮ್ರದ ಪಟ್ಟಿಗೂ ಬೆರಳಿಗೆ ತಾಗುವ ಗುಂಡಿಗಳಿಗೂ ನಡುವೆ ಹೆಚ್ಚಿನ ಅಂತರವಿಲ್ಲ. ಹಿಟ್ಟಿನ ಒದ್ದೆ ಕೈಯಲ್ಲಿ ಅದನ್ನು ಮುಟ್ಟುವ ಮನೆಗೆ ನಾನಂತೂ ಒಯ್ಯಲಾರೆ. 12 ವೋಲ್ಟಿನ ಹೀಟರಿಗೆ ಬಳಸುವುದಾದರೆ ತೊಂದರೆಯಿಲ್ಲ.

ರೆಕ್ಸ್-ಸಿ100ರಂಥ ಪಿಐಡಿ ಕಂಟ್ರೋಲರುಗಳನ್ನು ಕೆಲವರು ಹೆಚ್ಚು ಉತ್ತಮವೆಂದು ಕೊಳ್ಳುತ್ತಾರೆ. ತಾಪ ಗುರಿಗೆ ಹತ್ತಿರವಾದಂತೆ ಶಾಖವನ್ನು ಅಳೆದಳೆದು ಕೊಡುವ ಈ ವಿಧಾನ ಬಿಸಿನೀರಿನ ಬಾಯ್ಲರಿಗೆ, ಕುಲುಮೆಗೆ ಬೇಕಾದದ್ದು. 10 ಕಿಲೋ ಹಿಟ್ಟಿನ ತಾಪ ಅರ್ಧ ಡಿಗ್ರಿ ಬದಲಾಗುವುದಕ್ಕೇ ಬಹಳ ಹೊತ್ತು ಹಿಡಿಯುವಾಗ ಅದರಿಂದ ಸಿಗುವ ಲಾಭವೇನೂ ಇಲ್ಲ. ಕೆಲವೇ ಸೆಕೆಂಡುಗಳಿಗೊಮ್ಮೆ ಆನ್-ಆಫ್ ಮಾಡುವ ಅದನ್ನು ಫ್ರಿಜ್ಜಿನ ಕಂಪ್ರೆಸರಿಗೆ ಜೋಡಿಸಿದರೆ ಕಂಪ್ರೆಸರ್ ಹಾಳಾಗುತ್ತದೆ.

ಇನ್ನು ಉಳಿದದ್ದು ಕೈಯಾರೆ ಕಟ್ಟುವುದು.

ನಾನು ಕಟ್ಟಿದ್ದು, ಮತ್ತು ಅದು ಕೆಟ್ಟ ಬಗೆ

ನನ್ನ ಮೊದಲ ಕಂಟ್ರೋಲರಿನಲ್ಲಿ ಇದ್ದದ್ದು ನಾವೇ ಪ್ರೋಗ್ರಾಮು ಬರೆದು ನಡೆಸಬಹುದಾದ ಆರ್ಡುಯಿನೋ ನ್ಯಾನೋ ಎಂಬ ಚಿಕ್ಕ ಬೋರ್ಡು, ಸ್ಟೀಲ್ ಕೊಳವೆಯಲ್ಲಿ ಬರುವ, ತಾಪ ಅಳೆಯುವ ಡಿಎಸ್18ಬಿ20 ಸೆನ್ಸರ್, 4.7 ಕಿಲೋಓಮಿನ ಒಂದು ರೆಸಿಸ್ಟರ್, ಒಂದು ರಿಲೇ ಬೋರ್ಡು, ಮೊಬೈಲಿನ ಹಳೆಯ ಚಾರ್ಜರ್ ಮತ್ತು 100 ವ್ಯಾಟಿನ ಬಲ್ಬು. ಡಬ್ಬಿ, ವೈರು, ಕನೆಕ್ಟರುಗಳೆಲ್ಲ ಸೇರಿ 1,100 ರೂಪಾಯಿ ದಾಟಿತು; ಕೊಂಡದ್ದಕ್ಕಿಂತ ಹೆಚ್ಚು. ಸೆನ್ಸರ್ ಮಾತ್ರ ಒಳ್ಳೆಯದು: ಮೈನಸ್ 10ರಿಂದ 85 ಡಿಗ್ರಿಯ ನಡುವೆ ಅರ್ಧ ಡಿಗ್ರಿ ಆಚೀಚೆಯ ನಿಖರತೆಯಿದೆ, ಅಂದರೆ ಎಸ್‌ಟಿಸಿಯದಕ್ಕಿಂತ ಮೇಲು. ಮೂರು ವಾರ ಚೆನ್ನಾಗಿಯೇ ನಡೆಯಿತು.

ಜನವರಿಯ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅವ್ವ ಕೂಗಿದಳು: “ತಳದಾಗಿನ ಹಿಟ್ಟು ಬೆಂದೈತಲ್ಲಪ್ಪ!” ಹೋಗಿ ಸೌಟು ಹಾಕಿ ನೋಡಿದೆ. ಪಾತ್ರೆಯ ತಳದಲ್ಲಿ ಎರಡು ಬೆರಳು ದಪ್ಪದ ಬಿಳಿ ಗಟ್ಟಿ ಇಡ್ಲಿಯಂಥ ಪದರ, ಅದರ ಮೇಲೆ ಹಳದಿ ನೀರು, ನೀರಿನ ಮೇಲೆ ಹುಳಿ ನೊರೆ. ಬಲ್ಬು ಇನ್ನೂ ಉರಿಯುತ್ತಿತ್ತು. ಸೆನ್ಸರಿನ ಒಂದು ವೈರು ಕನೆಕ್ಟರಿನಿಂದ ಕಳಚಿಕೊಂಡಿತ್ತು. ಈ ಸೆನ್ಸರ್ ಸಂಪರ್ಕ ಕಳೆದುಕೊಂಡರೆ ಆರ್ಡುಯಿನೋದಲ್ಲಿ ಸಾಮಾನ್ಯವಾಗಿ ಬಳಸುವ ಲೈಬ್ರರಿ, ಅಂದರೆ ಸೆನ್ಸರ್ ಓದುವ ಸಿದ್ಧ ಪ್ರೋಗ್ರಾಮು, ಮೈನಸ್ 127 ಎಂಬ ಅಂಕಿಯನ್ನು ಕೊಡುತ್ತದೆ. ನನ್ನ ಪ್ರೋಗ್ರಾಮಿನ ಕಣ್ಣಿಗೆ ಅದು ವಿಪರೀತ ಚಳಿ. 29ಕ್ಕಿಂತ ಕಡಿಮೆಯಿದೆ, ಬಲ್ಬು ಹಚ್ಚು ಎಂದು ರಾತ್ರಿಯಿಡೀ ಹಚ್ಚಿಟ್ಟಿತ್ತು. ಸಾಲದ್ದಕ್ಕೆ ಬಲ್ಬನ್ನು ನಾನು ಇಟ್ಟದ್ದು ಪಾತ್ರೆಯ ನೇರ ಕೆಳಗೆ. ಅಂದು ಅಂಗಡಿಗೆ ಹಿಟ್ಟು ಹೋಗಲಿಲ್ಲ.

ಆದ್ದರಿಂದ ಕಟ್ಟಿಯೇ ತೀರುತ್ತೇನೆ ಎನ್ನುವವರು ಪ್ರೋಗ್ರಾಮಿನಲ್ಲಿ ಈ ನಾಲ್ಕು ಸಂಗತಿಗಳನ್ನು ಬಿಡಬಾರದು. ತಾಪ 5 ಡಿಗ್ರಿಗಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು ಎಂದು ಬಂದರೆ ಅದನ್ನು ತಾಪವೆಂದು ನಂಬದೆ ಸೆನ್ಸರಿನ ದೋಷವೆಂದು ಎಣಿಸಿ, ಎಲ್ಲ ರಿಲೇಗಳನ್ನೂ ಬಿಡಿಸಿ, ಬಜರ್ ಕೂಗಿಸಬೇಕು. ಡಿಎಸ್18ಬಿ20ಗೆ ಕರೆಂಟು ಬಂದ ಕೂಡಲೇ, ಅಳೆಯುವ ಮೊದಲೇ ಓದಿದರೆ 85 ಎಂಬ ಅಂಕಿ ಸಿಗುತ್ತದೆ. ಪೂರ್ಣ ಸೂಕ್ಷ್ಮತೆಯ ಅಳತೆಗೆ 750 ಮಿಲಿಸೆಕೆಂಡು ಬೇಕಾಗುವುದರಿಂದ ಅಷ್ಟು ಕಾದು ಓದಬೇಕು. ಪ್ರೋಗ್ರಾಮು ಎಲ್ಲಿಯಾದರೂ ಸಿಕ್ಕಿಕೊಂಡರೆ ತಾನೇ ಮೊದಲಿನಿಂದ ಶುರುವಾಗುವಂತೆ ವಾಚ್‌ಡಾಗ್ ಟೈಮರನ್ನು ಚಾಲೂ ಮಾಡಿರಬೇಕು. ಫ್ರಿಜ್ಜು ಜೋಡಿಸಿದ್ದರೆ, ಒಮ್ಮೆ ನಿಂತ ಕಂಪ್ರೆಸರ್ ಮತ್ತೆ ಶುರುವಾಗಲು ಕನಿಷ್ಠ ಮೂರು ನಿಮಿಷದ ವಿರಾಮವಿರಬೇಕು. ಒಳಗಿನ ಅನಿಲದ ಒತ್ತಡ ಸಮವಾಗುವ ಮೊದಲೇ ಶುರು ಮಾಡಿದರೆ ಮೋಟರು ತಿರುಗಲಾರದೆ ಬಿಸಿಯೇರುತ್ತದೆ. ಕೊಂಡ ಎಸ್‌ಟಿಸಿ-1000 ಈ ವಿರಾಮವನ್ನು ತಾನೇ ಕೊಡುತ್ತದೆ, ಸೆನ್ಸರ್ ವೈರು ತುಂಡಾದರೆ ಇಇ ಎಂಬ ಎರಡಕ್ಷರ ತೋರಿಸಿ, ಕೂಗಿ, ರಿಲೇಗಳನ್ನು ಬಿಡುತ್ತದೆ.

ಕಟ್ಟುವುದರಿಂದ ಲಾಭವೇ ಇಲ್ಲವೆನ್ನಲಾರೆ. ರಾತ್ರಿಯ ಒಂದೊಂದು ನಿಮಿಷದ ತಾಪವನ್ನೂ ದಾಖಲಿಸಿ ನೋಡಬೇಕೆಂದರೆ, ಮೊದಲ ನಾಲ್ಕು ಗಂಟೆ 30, ಆಮೇಲೆ 26 ಎಂದು ಹಂತ ಮಾಡಬೇಕೆಂದರೆ, ವೈಫೈ ಇರುವ ಇಎಸ್‌ಪಿ32 ಬೋರ್ಡು ಹಾಕಿ ಮೊಬೈಲಿಗೆ ಸಂದೇಶ ಬರಿಸಬೇಕೆಂದರೆ ಕಟ್ಟಿದ್ದೇ ಬೇಕು. ನಾನು ಆ ಹಳೆಯ ನ್ಯಾನೋವನ್ನು ಎಸೆಯಲಿಲ್ಲ. ಇಂದಿಗೂ ಅದು ಪೆಟ್ಟಿಗೆಯ ಪಕ್ಕದಲ್ಲಿದ್ದು ತಾಪವನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ಬಲ್ಬಿನ ಸ್ವಿಚ್ಚು ಅದರ ಕೈಯಲ್ಲಿಲ್ಲ.

ನಾಲ್ಕನೆಯ ಹಂತ: ಕೊಳ್ಳುವಾಗ ನೋಡಬೇಕಾದದ್ದು

ಎಸ್‌ಟಿಸಿ-1000 ಎಂಬ ಹೆಸರಿನಲ್ಲಿ 12 ವೋಲ್ಟ್, 24 ವೋಲ್ಟ್, 220 ವೋಲ್ಟ್ ಮೂರೂ ಮಾದರಿಗಳು ಬರುತ್ತವೆ, ಮುಂಭಾಗ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಓದಿಯೇ ಕೊಳ್ಳಿ. 12 ವೋಲ್ಟಿನದಕ್ಕೆ 230 ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು. ಜೊತೆಗೆ ಬರುವ ಸೆನ್ಸರಿನ ವೈರು ಪೆಟ್ಟಿಗೆಯ ಒಳಗಿನಿಂದ ಹೊರಗಿನ ಡಬ್ಬಿಯವರೆಗೆ ಎಳೆದಾಡದೆ ಬರುವಷ್ಟು ಉದ್ದವಿದೆಯೇ ನೋಡಿಕೊಳ್ಳಿ. ದಾವಣಗೆರೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಪಿಂಗಾಣಿ ಹೋಲ್ಡರ್, ವೈರು, ಫ್ಯೂಸ್, ಪ್ಲಾಸ್ಟಿಕ್ ಡಬ್ಬಿ ಎಲ್ಲವೂ ಸಿಗುತ್ತವೆ. ಕಂಟ್ರೋಲರ್ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಬಹುದು, ಇಲ್ಲವೇ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಎಸ್.ಪಿ. ರಸ್ತೆಯಿಂದ ಹೇಳಿ ತರಿಸಬಹುದು.

ಐದನೆಯ ಹಂತ: ವೈರಿಂಗ್

ಇಲ್ಲಿಂದ ಮುಂದಿನದು 230 ವೋಲ್ಟಿನ ಕೆಲಸ. ಮನೆಯ ವೈರಿಂಗ್ ಮಾಡಿ ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಈ ಭಾಗವನ್ನು ಅವರಿಗೆ ಓದಿ ಹೇಳಿ ಮಾಡಿಸಬೇಕು. ಪೆಟ್ಟಿಗೆಗೆ ಕೊಡುವ ಲೈನು ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಮೂಲಕವೇ ಬರಬೇಕು, ಪ್ಲಗ್ಗಿಗೆ ಮೂರು ಪಿನ್ನು ಇರಬೇಕು, ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸಿರಬೇಕು. ಹಬೆ, ನೀರು, ಸ್ಟೀಲ್ ಪಾತ್ರೆ ಮೂರೂ ಒಟ್ಟಿಗಿರುವ ಜಾಗವಿದು.

ಸಾಮಾನ್ಯವಾಗಿ ಸಿಗುವ ಎಸ್‌ಟಿಸಿ-1000ದಲ್ಲಿ 1 ಮತ್ತು 2ನೆಯ ಸ್ಕ್ರೂ ಕಂಟ್ರೋಲರಿನ ಸ್ವಂತ ಕರೆಂಟಿಗೆ, 3 ಮತ್ತು 4 ಸೆನ್ಸರಿಗೆ, 5 ಮತ್ತು 6 ಬಿಸಿಯ ರಿಲೇಗೆ, 7 ಮತ್ತು 8 ತಂಪಿನ ರಿಲೇಗೆ. ನಕಲು ಮಾದರಿಗಳಲ್ಲಿ ಬದಲಾಗಿರಬಹುದು. ಡಬ್ಬಿಯ ಮೇಲಿನ ಚಿತ್ರವನ್ನೇ ನಂಬಿ. ಹೊಸಬರು ಹೆಚ್ಚಾಗಿ ತಪ್ಪುವುದು ಒಂದು ಕಡೆ: ಈ ರಿಲೇಗಳಿಂದ ಕರೆಂಟು ತಾನಾಗಿ ಹೊರಬರುವುದಿಲ್ಲ. ಅವು ಗೋಡೆಯ ಸ್ವಿಚ್ಚಿನಂತೆ ಎರಡು ತುದಿಗಳನ್ನು ಕೂಡಿಸುತ್ತವೆ, ಬಿಡಿಸುತ್ತವೆ, ಅಷ್ಟೇ. ಆದ್ದರಿಂದ ಫ್ಯೂಸ್ ದಾಟಿ ಬಂದ ಫೇಸನ್ನು 1ನೆಯ ಸ್ಕ್ರೂವಿಗೆ ಕೊಟ್ಟು, ಅಲ್ಲಿಂದಲೇ ಚಿಕ್ಕ ತುಂಡು ವೈರುಗಳಲ್ಲಿ 5ಕ್ಕೂ 7ಕ್ಕೂ ಕೊಡಬೇಕು. 6ರಿಂದ ಹೊರಟ ಫೇಸು ಬಲ್ಬಿನ ಕಡೆಗೆ, 8ರಿಂದ ಹೊರಟದ್ದು ಫ್ರಿಜ್ಜಿನ ಸಾಕೆಟ್ಟಿಗೆ. ನ್ಯೂಟ್ರಲ್ 2ಕ್ಕೆ, ಬಲ್ಬಿಗೆ, ಸಾಕೆಟ್ಟಿಗೆ ನೇರವಾಗಿ ಹೋಗುತ್ತದೆ. ಅರ್ಥ್ ವೈರನ್ನು ಸಾಕೆಟ್ಟಿಗೂ, ಬಲ್ಬಿನ ಸುತ್ತಲಿನ ತಗಡಿಗೂ, ಪೆಟ್ಟಿಗೆಯ ಲೋಹದ ಮೈಗೂ ಕಟ್ಟಬೇಕು. 1 ಚದರ ಮಿಲಿಮೀಟರಿನ ವೈರು ಬಲ್ಬುಗಳಿಗೆ ಧಾರಾಳ ಸಾಕು. ಫ್ರಿಜ್ಜು ಸೇರಿಸುವುದಾದರೆ 1.5 ಹಾಕಿ, ಏಕೆಂದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು.

ಈಗ ಆ ಮೂರನೆಯ ಕಾವಲು. ಎಸ್‌ಟಿಸಿ ಸೆನ್ಸರ್ ವೈರು ತುಂಡಾದದ್ದನ್ನು ಕಂಡುಹಿಡಿಯುತ್ತದೆ, ನಿಜ. ಆದರೆ ಸೆನ್ಸರ್ ಪಾತ್ರೆಯಿಂದ ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರೆ, ಅದು ಹೊರಗಿನ ಚಳಿಯನ್ನು ಸರಿಯಾಗಿಯೇ ಅಳೆದು ಬಲ್ಬನ್ನು ಉರಿಸುತ್ತಲೇ ಇರುತ್ತದೆ. ರಿಲೇಯ ತುದಿಗಳು ಕಿಡಿಗೆ ಅಂಟಿಕೊಂಡರೂ ಹಾಗೆಯೇ ಆಗುತ್ತದೆ. ಆದ್ದರಿಂದ 6ರಿಂದ ಬಲ್ಬಿಗೆ ಹೋಗುವ ಫೇಸಿನ ನಡುವೆ ಕೆಎಸ್‌ಡಿ301 ಎಂಬ, ರೂಪಾಯಿಯ ನಾಣ್ಯದಷ್ಟು ದೊಡ್ಡ ಥರ್ಮೋಸ್ಟ್ಯಾಟನ್ನು ಹಾಕಬೇಕು. 50 ಡಿಗ್ರಿಯದನ್ನೇ, ಸಾಮಾನ್ಯ ಸ್ಥಿತಿಯಲ್ಲಿ ಕೂಡಿಕೊಂಡಿರುವ ಮಾದರಿಯನ್ನೇ ಕೇಳಿ ತನ್ನಿ. ಅದನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂರಿಸಿ, ತುದಿಗಳಿಗೆ ಹೊದಿಕೆ ಹಾಕಿ. ಇದರ ಜೊತೆಗೆ ಬಲ್ಬಿನ ತಗಡಿನ ಹೊರಮೈಗೆ ಒಂದು ಥರ್ಮಲ್ ಫ್ಯೂಸನ್ನೂ ಸಾಲಾಗಿ ಸೇರಿಸಿದರೆ ಇನ್ನೂ ಒಳ್ಳೆಯದು. ಥರ್ಮಲ್ ಫ್ಯೂಸಿಗೆ ಬೆಸುಗೆ ಹಾಕಬಾರದು, ಬೆಸುಗೆಯ ಬಿಸಿಗೇ ಅದು ಹೋಗುತ್ತದೆ, ಸ್ಕ್ರೂ ಕನೆಕ್ಟರಿನಲ್ಲಿ ಬಿಗಿಯಬೇಕು. ಈ ಕಟಾಫು ಹಿಟ್ಟನ್ನು ಉಳಿಸುವುದಿಲ್ಲ, ಮನೆಯನ್ನು ಉಳಿಸುತ್ತದೆ.

ಆರನೆಯ ಹಂತ: ಸೆನ್ಸರಿನ ಜಾಗ ಮತ್ತು ಸೆಟ್ಟಿಂಗ್

ಸೆನ್ಸರನ್ನು ಗಾಳಿಯಲ್ಲಿ ತೂಗಬಿಟ್ಟರೆ ಗಾಳಿ ಬೇಗ ಬಿಸಿಯಾಗಿ ಬಲ್ಬು ಆರುತ್ತದೆ, ಹಿಟ್ಟು ತಣ್ಣಗೇ ಉಳಿಯುತ್ತದೆ. ಹಿಟ್ಟಿನೊಳಗೆ ಮುಳುಗಿಸಿದರೆ ತೊಳೆಯುವುದು ಕಷ್ಟ, ಮಡಿಯ ಪ್ರಶ್ನೆಯೂ ಬರುತ್ತದೆ. ಪಾತ್ರೆಯ ಹೊರಮೈಗೆ, ಹಿಟ್ಟಿನ ಅರ್ಧ ಎತ್ತರದಲ್ಲಿ, ಬಲ್ಬಿಗೆ ಬೆನ್ನಾಗಿರುವ ಬದಿಯಲ್ಲಿ ಸೆನ್ಸರನ್ನು ಒತ್ತಿ, ಮೇಲೆ ಬೆಂಕಿಪೊಟ್ಟಣದಷ್ಟು ಥರ್ಮಾಕೋಲ್ ತುಂಡನ್ನಿಟ್ಟು, ಅಗಲವಾದ ಎಲಾಸ್ಟಿಕ್ ಪಟ್ಟಿಯಿಂದ ಪಾತ್ರೆಯ ಸುತ್ತ ಕಟ್ಟಿಬಿಡಿ. ಟೇಪು ಹಬೆಗೆ ಬಿಟ್ಟುಹೋಗುತ್ತದೆ.

ಎಸ್ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಸೆಟ್ಟಿಂಗ್ ತೆರೆದುಕೊಳ್ಳುತ್ತದೆ. ಎಫ್1 ಗುರಿಯ ತಾಪ: 29.0. ಎಫ್2 ವ್ಯತ್ಯಾಸ: ಬರಿ ಬಲ್ಬಿದ್ದರೆ 0.5, ಆಗ 28.5ಕ್ಕೆ ಹತ್ತಿ 29ಕ್ಕೆ ಆರುತ್ತದೆ. ಫ್ರಿಜ್ಜೂ ಇದ್ದರೆ 1.0 ಮಾಡಿ, ಇಲ್ಲವಾದರೆ ಬಲ್ಬು ಬಿಸಿ ಮಾಡಿದ್ದನ್ನು ಫ್ರಿಜ್ಜು ತಣಿಸುತ್ತ, ಫ್ರಿಜ್ಜು ತಣಿಸಿದ್ದನ್ನು ಬಲ್ಬು ಬಿಸಿ ಮಾಡುತ್ತ ಎರಡೂ ದುಡಿಯುತ್ತಿರುತ್ತವೆ. ಎಫ್3 ಕಂಪ್ರೆಸರಿನ ವಿರಾಮ: 3 ನಿಮಿಷವಿದ್ದದ್ದು ಹಾಗೆಯೇ ಇರಲಿ. ಎಫ್4 ತಿದ್ದುಪಡಿ, ಅದಕ್ಕೆ ಮೊದಲು ಸೆನ್ಸರನ್ನು ಪರೀಕ್ಷಿಸಬೇಕು.

ಲೋಟದ ತುಂಬ ಪುಡಿ ಮಾಡಿದ ಐಸು, ಅದು ಮುಳುಗುವಷ್ಟೇ ನೀರು ಹಾಕಿ ಕಲಸಿದರೆ 0 ಡಿಗ್ರಿ ಸಿಗುತ್ತದೆ. ಕುದಿಯುವ ನೀರು 100 ಎಂದು ಇಲ್ಲಿ ಹಿಡಿಯಬಾರದು: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನೀರು 98ಕ್ಕೇ ಕುದಿಯುತ್ತದೆ, ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಕಡಿಮೆ. ನಮಗೆ ಬೇಕಾದದ್ದು 29ರ ಆಸುಪಾಸಿನ ನಿಖರತೆ. ಅದಕ್ಕೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರೇ ಮನೆಯಲ್ಲಿರುವ ಅತ್ಯುತ್ತಮ ಅಳತೆಗೋಲು. ಚೊಂಬಿನಲ್ಲಿ 38 ಡಿಗ್ರಿಯಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಎರಡನ್ನೂ ಒಟ್ಟಿಗೆ ಹಿಡಿದು ಚಮಚದಿಂದ ಕಲಕುತ್ತ, ಥರ್ಮಾಮೀಟರ್ ಬೀಪ್ ಎಂದ ಕ್ಷಣಕ್ಕೇ ಕಂಟ್ರೋಲರಿನ ಅಂಕಿ ಓದಿ. ಜ್ವರದ ಥರ್ಮಾಮೀಟರ್ ತಾನು ಕಂಡ ಗರಿಷ್ಠ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುವುದರಿಂದ, ತಡಮಾಡಿದರೆ ನೀರು ತಣಿದು ಲೆಕ್ಕ ತಪ್ಪುತ್ತದೆ. ಥರ್ಮಾಮೀಟರ್ 38.2 ಎಂದು, ಕಂಟ್ರೋಲರ್ 38.9 ಎಂದು ತೋರಿಸಿದರೆ ಎಫ್4ಕ್ಕೆ ಮೈನಸ್ 0.7 ಕೊಡಿ.

ಏಳನೆಯ ಹಂತ: ಮೊದಲ ರಾತ್ರಿ ನೀರಿನೊಂದಿಗೆ

ಮೊದಲ ದಿನವೇ ಹಿಟ್ಟಿಡಬೇಡಿ. ಅಷ್ಟೇ ತೂಕದ ನೀರನ್ನು ಅದೇ ಪಾತ್ರೆಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಕಂಟ್ರೋಲರಿನ ಅಂಕಿಯನ್ನೂ ನೀರಿನ ನಡುವಿನ ತಾಪವನ್ನೂ ಬರೆದುಕೊಳ್ಳಿ. ಎರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಸೆನ್ಸರಿನ ಜಾಗ ಬದಲಿಸಬೇಕು. ನಂತರ ಬೇಕೆಂದೇ ದೋಷಗಳನ್ನು ಮಾಡಿ ನೋಡಿ: ಸೆನ್ಸರಿನ ಒಂದು ವೈರನ್ನು ಬಿಚ್ಚಿದರೆ ಬಲ್ಬು ಆರಬೇಕು. ಸೆನ್ಸರನ್ನು ಹೊರಗೆ ತೂಗಬಿಟ್ಟು, ನೀವು ಎದುರಿಗೇ ಕುಳಿತು ಕಾಯ್ದರೆ, 50ರ ಹತ್ತಿರ ಕಟಾಫು ಬಿಡಿಸಬೇಕು. ಅಷ್ಟು ಬಿಸಿಯಾಗಲು ಬಹಳ ಹೊತ್ತು ಹಿಡಿದರೆ ಕಟಾಫಿನ ಮೇಲೆ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಿಡಿಯಬಹುದು. ಪ್ಲಗ್ಗು ಕಿತ್ತು ಮತ್ತೆ ಹಾಕಿದರೆ ಸೆಟ್ಟಿಂಗ್ ಅಳಿಸದೆ ಉಳಿದಿರಬೇಕು. ಬೆಸ್ಕಾಂ ಲೈನು ನಡುರಾತ್ರಿ ಹೋಗಿಬಂದರೂ ಎಸ್‌ಟಿಸಿ ಹಿಂದಿನ ಗುರಿಯನ್ನೇ ಹಿಡಿದು ನಡೆಯುತ್ತದೆ, ಫ್ರಿಜ್ಜಿಗೆ ವಿರಾಮ ಕೊಟ್ಟೇ ಶುರು ಮಾಡುತ್ತದೆ. ಫ್ರಿಜ್ಜು ಜೋಡಿಸದೆ ಬರಿ ಬಲ್ಬುಗಳಿದ್ದರೆ ಪೆಟ್ಟಿಗೆಯನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಟ್ಟರೂ ಅದು ತಾಳಿಕೊಳ್ಳುತ್ತದೆ. ಬಲ್ಬು ಬಿಟ್ಟುಬಿಟ್ಟು ಹತ್ತುವುದರಿಂದ ಖರ್ಚು ರಾತ್ರಿಗೆ ಅರ್ಧ ಯೂನಿಟ್ಟಿನ ಆಸುಪಾಸಿನಲ್ಲೇ ಇರುತ್ತದೆ.

ಈ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹಿಟ್ಟಿಡಿ. ಪಾತ್ರೆಯ ಮೂರನೆಯ ಒಂದು ಭಾಗ ಖಾಲಿ ಬಿಟ್ಟಿರಿ, ಏಕೆಂದರೆ ಕಂಬಳಿ ಸುತ್ತಿದಾಗ ಉಬ್ಬುತ್ತಿದ್ದದ್ದಕ್ಕಿಂತ ಇದು ಹೆಚ್ಚು ಉಬ್ಬುತ್ತದೆ. 29ರಲ್ಲಿ ನಮ್ಮ ಹಿಟ್ಟು ಎಂಟರಿಂದ ಒಂಬತ್ತು ಗಂಟೆಗೆ ಸರಿಯಾಗಿ ಬರುತ್ತದೆ. ಬಂದ ಕೂಡಲೇ ತೆಗೆದು ತಂಪಿಗೆ ಸೇರಿಸದಿದ್ದರೆ ಅದೇ ಬೆಚ್ಚಗೆ ಹುಳಿಯನ್ನೂ ಏರಿಸುತ್ತದೆ. ವರ್ಷಕ್ಕೆ ಮೂರು ಸಲ ಪ್ಲಗ್ಗು ಕಿತ್ತು, ಹಿಂದಿನ ಎಂಟೂ ಸ್ಕ್ರೂಗಳನ್ನು ಬಿಗಿ ಮಾಡಿ, ಹೋಲ್ಡರಿನ ವೈರು ಕಂದಿದೆಯೇ ನೋಡಿ, ಕಟಾಫನ್ನು ಮತ್ತೊಮ್ಮೆ ಬಿಸಿ ತೋರಿಸಿ ಪರೀಕ್ಷಿಸಿ; ನಾನು ಅದನ್ನು ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ, ಚಳಿ ಶುರುವಾಗುವ ಮುನ್ನ ದೀಪಾವಳಿಗೊಮ್ಮೆ ಮಾಡುತ್ತೇನೆ.